ರೆಫರಿಯ ಬಲಗಿವಿ

ಚಹಾ ಅಂಗಡಿ, ಮೈದಾನದ ಗ್ಯಾಲರಿಯ ಕೆಳಗೆ
ಸೋಮವಾರ ಬೆಳಿಗ್ಗೆ

ಪ್ರೀತಿಯ ಯಜಮಾನರಿಗೆ,

ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಓಡುವುದಿಲ್ಲ. ನೀವು ಮೈದಾನದ ನಡುವೆ ನಿಂತಿದ್ದೀರಿ. ಯಾರೋ ಗೋಲು ಹೊಡೆದಿದ್ದಾರೆ. ಅದು ಸರಿಯೋ ತಪ್ಪೋ ಎಂದು ಮೇಲಿನ ರೂಮಿನಲ್ಲಿ ಟೀವಿ ನೋಡುತ್ತ ಕುಳಿತವರು ಹೇಳಬೇಕು, ನೀವು ಕಿವಿಗೆ ಬೆರಳು ಒತ್ತಿಕೊಂಡು ಕಾಯುತ್ತಿದ್ದೀರಿ. ಅವರು ಹೇಳುತ್ತಲೇ ಇದ್ದಾರೆ, ಇಲ್ಲಿ ಅಂಗಡಿಯೊಳಗಿರುವ ನನಗೂ ಕೇಳಿಸುತ್ತಿದೆ, ನಿಮಗೆ ಮಾತ್ರ ಕೇಳಿಸುತ್ತಿಲ್ಲ. ಆಟಗಾರರು ನಿಂತಲ್ಲೇ ಮುದುಕರಾದರು. ಗೋಲ್‌ಕೀಪರಿಗೆ ಗಡ್ಡ ಬಂತು, ಬಂದ ಗಡ್ಡ ನೆರೆಯಿತು. ಕೂಗಿ ಹೇಳೋಣ ಎಂದು ನಾನು ಬಾಯಿ ತೆರೆದರೆ ಕೆಟಲಿನ ಹಾಗೆ ಬರೀ ಹಬೆ ಬಂತು. ಎಚ್ಚರವಾದಾಗ ನಿಮ್ಮ ದಿಂಬನ್ನು ಹಿಡಿದು ಅಲುಗಾಡಿಸುತ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು, 'ಅಮ್ಮಾ, ಅಪ್ಪ ಇಲ್ದೇ ಇರೋವಾಗ್ಲೂ ಜಗಳಾನಾ' ಎಂದು ಕೇಳಿ ಹೋಗಿ ಮಲಗಿದಳು. ಅವಳಿಗೇನು, ಮಲಗಿದ ಕೂಡಲೇ ನಿದ್ದೆ.

ನೀವು ಹೇಗಿದ್ದೀರಿ? ಊಟ ಸೇರುತ್ತಿದೆಯೇ? ಮೊಣಕಾಲಿನ ಪಟ್ಟಿ ಪೆಟ್ಟಿಗೆಯ ತಳದಲ್ಲಿದೆ, ಎಡಗಾಲಿನದು ಸ್ವಲ್ಪ ಸಡಿಲ, ಎರಡು ಸುತ್ತು ಹೆಚ್ಚು ಸುತ್ತಿ. ಸ್ನಾನಕ್ಕೆ ಹೋಗುವಾಗ ಎಡಗಿವಿಗೆ ಹತ್ತಿ ಇಟ್ಟುಕೊಳ್ಳಿ, ನಮ್ಮ ಪಾಲಿಗೆ ಇರುವುದು ಅದೊಂದೇ. ರೆಫರಿಗಳ ತರಬೇತಿ ಶಿಬಿರದಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರೆ ಎಂದು ಕೇಳಿದಾಗ ನಾನು ಅವರನ್ನೆಲ್ಲ ಬಯ್ದೆ. ಆಮೇಲೆ ಅದೇ ಒಳ್ಳೆಯದಾಯಿತು ಅನ್ನಿಸಿತು. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದ ಅರ್ಧವನ್ನು ನೀವೇ ಸೇರಿಸಿಕೊಂಡು ಹೂಂ ಅನ್ನುತ್ತೀರಿ. ಪತ್ರವಾದರೆ ಪೂರ್ತಿ ಓದಲೇಬೇಕು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒತ್ತಕ್ಷರ ಹೆಚ್ಚುಕಮ್ಮಿ ಇದ್ದರೆ ಅದಕ್ಕೆ ಕಾರ್ಡು ತೋರಿಸಬೇಡಿ.

ಗುರುವಾರ ನಿಮ್ಮ ಕಿವಿ ಪರೀಕ್ಷೆ. ಓಟದ ಪರೀಕ್ಷೆ, ಕಣ್ಣಿನ ಪರೀಕ್ಷೆ, ನಿಯಮದ ಪರೀಕ್ಷೆ ಎಲ್ಲ ನಿಮಗೆ ನೀರು ಕುಡಿದಷ್ಟು ಸುಲಭ. ಆದರೆ ಮುಂದಿನ ಸೀಸನ್ನಿನಿಂದ ಪ್ರತಿಯೊಬ್ಬ ರೆಫರಿಯೂ ಕಿವಿಗೊಂದು ಗುಂಡಿ ಸಿಕ್ಕಿಸಿಕೊಳ್ಳಬೇಕು, ಮೇಲಿನ ರೂಮಿನಲ್ಲಿ ಟೀವಿ ಮುಂದೆ ಕುಳಿತವರು ಹೇಳಿದ್ದು ಅದರಲ್ಲಿ ಕೇಳಬೇಕು, ಕಿವಿ ಪರೀಕ್ಷೆಯಲ್ಲಿ ಫೇಲಾದವರು ಸೀಟಿ ವಾಪಸು ಕೊಡಬೇಕು ಎಂದು ಲೀಗಿನ ಕಾರ್ಯದರ್ಶಿ ಹೇಳಿದ ದಿನದಿಂದ ನಾನು ದೇವರ ಮುಂದೆ ಎರಡು ದೀಪ ಹಚ್ಚುತ್ತಿದ್ದೇನೆ, ಕಿವಿಗೊಂದು. ಮಗಳು ತೊಟ್ಟಿಲಲ್ಲಿದ್ದಾಗ ಆ ಚೆಂಡು ಬಂದು ಬಲಗಿವಿಗೆ ಬಡಿಯಿತು, ಒಳಗಿನ ತಮಟೆ ಹರಿಯಿತು. ಅಂದಿನಿಂದ ನಿಮಗೆ ಆ ಕಡೆ ಊರಿಗೆ ಊರೇ ಕೂಗಿದರೂ ಪಿಸುಮಾತು. ಯಾರಿಗೂ ಹೇಳಬೇಡ ಎಂದು ನನ್ನ ಕೈಯಿಂದ ಆಣೆ ಮಾಡಿಸಿಕೊಂಡಿರಿ. ನಾನು ಹೇಳಲಿಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲಿ ಹೋದರೂ ನಿಮ್ಮ ಬಲಗಡೆ ನಾನೇ ಕುಳಿತೆ, ಆ ಕಡೆಯಿಂದ ಬೇರೆಯವರು ಮಾತಾಡಿಸದ ಹಾಗೆ. ಜನ ನನ್ನನ್ನು ಗಂಡನನ್ನು ಬಿಟ್ಟಿರದ ಹೆಂಗಸು ಎಂದುಕೊಂಡರು. ಅಂದುಕೊಳ್ಳಲಿ ಬಿಡಿ.

ನೀವು ಹೋಗುವ ಮುಂಚೆ ಅಡುಗೆಮನೆಯಲ್ಲಿ ಮಾಡಿದ ಅಭ್ಯಾಸ ನೆನೆಸಿಕೊಂಡರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ನಾನು ನಿಮ್ಮ ಬೆನ್ನ ಹಿಂದೆ ಸೌಟು ಹಿಡಿದು ನಿಂತು ಮೆಲ್ಲಗೆ ಒಂದೊಂದು ಸಂಖ್ಯೆ ಹೇಳುವುದು, ನೀವು ಎಡಗಿವಿ ಮುಚ್ಚಿಕೊಂಡು ಅದನ್ನು ತಿರುಗಿ ಹೇಳುವುದು. ಒಂದಾದರೂ ಸರಿ ಬಂತೇ? ತಪ್ಪಾಯಿತು ಎಂದರೆ, 'ನೀನೇ ತಪ್ಪು ಹೇಳಿದ್ದು, ನಾನು ಕೇಳಿದ್ದೇ ಸರಿ' ಎಂದು ವಾದ. ನಮ್ಮ ಮನೆಯಲ್ಲೂ ಮೇಲಿನ ರೂಮು ಒಂದಿದ್ದು, ನಡೆದದ್ದನ್ನು ತಿರುಗಿಸಿ ತೋರಿಸುವವರು ಇದ್ದಿದ್ದರೆ ನನ್ನ ಎಷ್ಟು ಗೋಲು ವಾಪಸು ಬರುತ್ತಿದ್ದವೋ. ಕೊನೆಗೆ ನೀವು, 'ಪರೀಕ್ಷೆ ಮಾಡೋನ ತುಟಿ ನೋಡ್ತೀನಿ ಬಿಡೇ' ಎಂದು ಎದ್ದುಹೋದಿರಿ. ಅಲ್ಲಿ ಮನುಷ್ಯರು ಪರೀಕ್ಷೆ ಮಾಡುವುದಿಲ್ಲವಂತೆ, ಪೆಟ್ಟಿಗೆಯೊಳಗೆ ಕೂರಿಸಿ ಮಷೀನು ಮಾಡುತ್ತದಂತೆ. ಮಷೀನಿಗೆ ತುಟಿ ಎಲ್ಲಿಂದ ಬರಬೇಕು? ಒಂದು ವೇಳೆ ಹೇಗೋ ಪಾಸಾದಿರಿ ಎಂದೇ ಇಟ್ಟುಕೊಳ್ಳೋಣ. ಆ ಗುಂಡಿಯನ್ನು ಬಲಗಿವಿಗೆ ಹಾಕಿದರೆ ರೂಮಿನವರ ಮಾತು ಕೇಳಿಸುವುದಿಲ್ಲ. ಎಡಗಿವಿಗೆ ಹಾಕಿದರೆ ಮೈದಾನವೇ ಕೇಳಿಸುವುದಿಲ್ಲ. ಒಂದೇ ಬಾಗಿಲಿನ ಮನೆಗೆ ಇಬ್ಬರು ನೆಂಟರು ಒಟ್ಟಿಗೆ ನುಗ್ಗಿದ ಹಾಗೆ. ಇದನ್ನು ನೀವು ಯೋಚಿಸಿದ್ದೀರೋ ಇಲ್ಲವೋ, ನಾನಂತೂ ಹಾಲು ಕಾಯಿಸುವಾಗಲೆಲ್ಲ ಯೋಚಿಸುತ್ತೇನೆ, ಎರಡು ಸಲ ಉಕ್ಕಿಸಿಯೂ ಆಯಿತು.

ಈಗ ನಿನ್ನೆಯ ಸುದ್ದಿ. ಹೊಸ ಪದ್ಧತಿಯ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ಆಯಿತು. ದೊಡ್ಡವರ ಆಟಕ್ಕೆ ತರುವ ಮುಂಚೆ ನಮ್ಮಂಥ ಚಿಕ್ಕ ಲೀಗಿನಲ್ಲಿ ಮಾಡಿ ನೋಡುತ್ತಾರಂತೆ, ಔಷಧಿಯನ್ನು ಮೊದಲು ಇಲಿಗೆ ಕೊಟ್ಟು ನೋಡುವ ಹಾಗೆ. ಗೋಲು ಕಂಬಕ್ಕೆ ಕ್ಯಾಮರಾ, ದೀಪದ ಕಂಬಕ್ಕೆ ಕ್ಯಾಮರಾ, ಚೆಂಡಿನ ಹೊಟ್ಟೆಯೊಳಗೂ ಏನೋ ಒಂದು ಚಿಪ್ಪು. ಚೆಂಡಿಗೂ ಚಾರ್ಜು ಮಾಡಬೇಕಂತೆ, ಅದಕ್ಕೆ ನನ್ನ ಅಂಗಡಿಯ ಪ್ಲಗ್ಗೇ ಬೇಕಾಯಿತು, ಫ್ರಿಜ್ಜಿನ ವೈರು ಕಿತ್ತರು. ಗೋಲ್‌ಕೀಪರ್ ಚೆಂಡು ಹಿಡಿದುಕೊಂಡು ನಿಂತರೆ ರೆಫರಿ ಕೈ ಎತ್ತಿ ಬೆರಳು ಮಡಿಸುತ್ತ ಎಣಿಸುತ್ತಾನೆ, ಎಣಿಕೆ ಮುಗಿದರೂ ಬಿಡದಿದ್ದರೆ ಎದುರಿನವರಿಗೆ ಕಾರ್ನರು. ರೆಫರಿಯ ಹತ್ತಿರ ಕ್ಯಾಪ್ಟನ್ ಬಿಟ್ಟು ಯಾರೂ ಮಾತಾಡುವಂತಿಲ್ಲ, ಬಂದರೆ ಹಳದಿ ಕಾರ್ಡು. ಇವೆರಡು ನಿಯಮ ನನಗೇ ಇಷ್ಟವಾದವು, ಸುಳ್ಳು ಯಾಕೆ ಹೇಳಲಿ. ನಿಮ್ಮ ಸುತ್ತ ಹನ್ನೊಂದು ಜನ ಮುತ್ತಿಕೊಂಡು ಕೂಗುವಾಗ ನಾನು ಎಷ್ಟು ಲೋಟಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದ್ದೇನೋ ನನಗೇ ಗೊತ್ತು. ಆದರೆ ಆ ಟೀವಿ ರೂಮು ಮಾತ್ರ ನನಗೆ ಸೇರಲಿಲ್ಲ. ಮಗಳು ಅದರ ಪರವಾಗಿ ವಕಾಲತ್ತು ಮಾಡುತ್ತಾಳೆ. 'ಅಪ್ಪ ಕೊಟ್ಟ ಆಫ್‌ಸೈಡ್‌ಗಳಲ್ಲಿ ಅರ್ಧ ತಪ್ಪೇ ಅಮ್ಮಾ, ನನ್ನ ಸ್ನೇಹಿತೆಯರ ಟೀಮು ಒಂದು ಟ್ರೋಫೀನೇ ಕಳ್ಕೊಂಡಿದೆ' ಎಂದಳು. ಇರಬಹುದು ಕಣೇ ಎಂದೆ. ನಿಮ್ಮಪ್ಪನ ತಪ್ಪಿಗೆ ಬಯ್ದು ಮನೆಗೆ ಹೋಗಿ ಮಲಗಬಹುದಿತ್ತು, ಈ ಟೀವಿಯನ್ನು ಯಾರು ಬಯ್ಯುತ್ತಾರೆ?

ನಿಮ್ಮ ಬದಲಿಗೆ ಮೇಲಿನವರು ಕಳಿಸಿದ ರೆಫರಿ ಇನ್ನೂ ಹುಡುಗುಮುಖದವನು. ಕೂದಲು ಕದಲದ ಹಾಗೆ ಬಾಚಿದ್ದ, ಎಡಗಿವಿಯಲ್ಲಿ ಆ ಗುಂಡಿ. ಮೊದಲರ್ಧದಲ್ಲೇ ನಮ್ಮ ತುತ್ತೂರಿ ಒಂದು ಗೋಲು ಹೊಡೆದ. ಅದೇ, ಗಂಟಲಿಗೆ ಬೀಗವಿಲ್ಲದ ನಮ್ಮ ಕ್ಯಾಪ್ಟನ್ನು. ಗ್ಯಾಲರಿ ಎದ್ದು ಕುಣಿಯಿತು, ನನ್ನ ತಲೆಯ ಮೇಲೆ ಧೂಳು ಉದುರಿತು. ಅಷ್ಟರಲ್ಲಿ ಹುಡುಗ ರೆಫರಿ ಕಿವಿಗೆ ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ತಡೆಯಿರಿ ಎಂದ. ಎಲ್ಲರೂ ನಿಂತರು. ಕುಣಿದವರು ಕುಣಿತ ಅರ್ಧಕ್ಕೆ ನಿಲ್ಲಿಸಿ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಸೊಂಟದ ಮೇಲಿಟ್ಟುಕೊಂಡರು. ಕಾದರು, ಕಾದರು. ಬೇಜಾರಾಗಿ ಒಬ್ಬೊಬ್ಬರೇ ಚಹಾಕ್ಕೆ ಇಳಿದರು. ನಾನು ವಿರಾಮಕ್ಕೆಂದು ಆಗಷ್ಟೇ ನೀರಿಟ್ಟಿದ್ದೆ, ಸೊಪ್ಪು ಹಾಕಿರಲಿಲ್ಲ. 'ಏನಮ್ಮಾ, ಇದೂ ರೂಮಿನವರನ್ನ ಕೇಳ್ಬೇಕಾ' ಎಂದು ಒಬ್ಬ ಕುಟುಕಿದ. ಚಹಾ ಸುರಿದು ಲೋಟ ಕೈಗಿಟ್ಟೆನೋ ಇಲ್ಲವೋ, ಮೈದಾನದಲ್ಲಿ ತೀರ್ಪು ಬಂತು, ಲೋಟಗಳನ್ನು ಅಲ್ಲೇ ಬಿಟ್ಟು ಓಡಿದರು. ವಿರಾಮಕ್ಕೆ ಬಂದವರಿಗೆ ಚಹಾ ಇಲ್ಲ, ಓಡಿಹೋದವರ ಚಹಾ ಆರುತ್ತ ಕುಳಿತಿದೆ. ನನ್ನ ಇಷ್ಟು ವರ್ಷದ ಲೆಕ್ಕಾಚಾರವೆಲ್ಲ ಆ ಒಂದು ಗುಂಡಿಯಿಂದ ತಲೆಕೆಳಗಾಯಿತು ನೋಡಿ.

ತೀರ್ಪು ಏನೆಂದರೆ ಆಫ್‌ಸೈಡು. ಕಾಲಲ್ಲ, ತಲೆಯಲ್ಲ, ತುತ್ತೂರಿಯ ಬೂಟಿನ ತುದಿ ಎದುರಿನವರಿಗಿಂತ ಕೂದಲೆಳೆಯಷ್ಟು ಮುಂದಿತ್ತಂತೆ. ರೆಫರಿ ಅದನ್ನು ಮೈಕಿನಲ್ಲಿ ಎಲ್ಲರಿಗೂ ಹೇಳಿದ, ರೈಲು ತಡವಾಗಿದೆ ಎಂದು ಸ್ಟೇಷನ್ನಿನಲ್ಲಿ ಹೇಳುವ ದನಿಯಲ್ಲಿ. ತುತ್ತೂರಿ ನಿಯಮದ ಪ್ರಕಾರವೇ ಒಬ್ಬನೇ ಹೋದ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಹೋಗಿ ಎಲ್ಲಿ ನಿಂತ ಗೊತ್ತೇ? ರೆಫರಿಯ ಎದುರಿಗಲ್ಲ. ಸುತ್ತು ಹಾಕಿ ಎಡಗಡೆಗೆ ಬಂದು ನಿಂತ. ಆ ಕಿವಿಯಲ್ಲಿ ಗುಂಡಿ, ಗುಂಡಿಯ ಮೇಲೆ ಬೆರಳು. ಪಾಪ, ಮೆಲ್ಲಗೇ ಏನೋ ಹೇಳಿದ. ರೆಫರಿ ಅಲುಗಲಿಲ್ಲ. ಇವನಿಗೆ ಕೊಬ್ಬು ಎಂದುಕೊಂಡು ತುತ್ತೂರಿ ದನಿ ಏರಿಸಿದ. ರೆಫರಿ ತಿರುಗಿ ನೋಡಿದರೆ ಮುಖದ ಹತ್ತಿರವೇ ಇಷ್ಟಗಲ ತೆರೆದ ಬಾಯಿ. ಹಳದಿ ಕಾರ್ಡು. ಇವನದು ಮುಗಿಯಿತು ಎನ್ನುವಷ್ಟರಲ್ಲಿ ಎದುರು ಟೀಮಿನ ಕ್ಯಾಪ್ಟನ್ನು ಬೇರೆ ಏನೋ ಕೇಳಲು ಬಂದ. ಅವನೂ ಸುತ್ತು ಹಾಕಿ ಎಡಗಡೆಗೇ. ಅವನಿಗೂ ಅದೇ ಗತಿ. ರೆಫರಿ ಗಾಬರಿಯಾಗಿ ಈ ಕಡೆ ತಿರುಗಿದ, ಇಬ್ಬರೂ ಅವನ ಜೊತೆಗೇ ತಿರುಗಿದರು, ಮತ್ತೆ ಎಡಗಡೆ. ಗಾಣ ಸುತ್ತಿದ ಹಾಗೆ ಮೂವರೂ ಮೈದಾನದ ನಡುವೆ ಸುತ್ತುತ್ತಿದ್ದರು. ಗ್ಯಾಲರಿಯವರು ಆಫ್‌ಸೈಡನ್ನು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ನಗು ಬರಲಿಲ್ಲ. ಯಾಕೆಂದರೆ ನನ್ನ ಕಟ್ಟೆಯ ಮುಂದೆ ನಿಮ್ಮ ಶಿಬಿರದಿಂದ ಪಂದ್ಯ ನೋಡಲು ಬಂದಿದ್ದ ಮೇಡಂ ಚಹಾ ಕುಡಿಯುತ್ತಿದ್ದರು. ಕತ್ತಿಗೆ ಗುರುತಿನ ಚೀಟಿ, ಮುಖ ಗಂಟು. ಅವರು ಪಕ್ಕದಲ್ಲಿದ್ದ ನಮ್ಮ ಹಳೆಯ ಲೈನ್ಸ್‌ಮನ್ನನ್ನು, 'ಇವರೆಲ್ಲ ಯಾಕೆ ಒಂದೇ ಕಡೆಯಿಂದ ಬರ್ತಾರೆ?' ಎಂದು ಕೇಳಿದರು. ಆ ಮಹಾರಾಯ ಬಿಸ್ಕತ್ತು ಅದ್ದುತ್ತ ಅದ್ದುತ್ತಲೇ, 'ಅಭ್ಯಾಸ ಮೇಡಂ. ನಮ್ಮ ರೆಫರಿಗೆ ಬಲಗಿವಿ ಕೇಳ್ಸಲ್ವಲ್ಲ' ಎಂದುಬಿಟ್ಟ. ಹವಾಮಾನ ಹೇಳಿದಷ್ಟು ಸಲೀಸಾಗಿ. ನನ್ನ ಕೈಯಲ್ಲಿದ್ದ ಚಹಾ ಕಟ್ಟೆಯ ಮೇಲೆಲ್ಲ ಹರಿಯಿತು. ಒರೆಸುವ ನೆಪದಲ್ಲಿ ನಾನು ಕೆಳಗೆ ಕುಳಿತವಳು ಮೇಡಂ ಹೋಗುವವರೆಗೂ ಏಳಲಿಲ್ಲ.

ಪಂದ್ಯ ಮುಗಿದ ಮೇಲೆ ತುತ್ತೂರಿ ಲೋಟ ಹಿಂದಿರುಗಿಸಲು ಬಂದಾಗ ಅವನನ್ನು ಹಿಡಿದು ನಿಲ್ಲಿಸಿದೆ. ನಮ್ಮ ಯಜಮಾನರ ಕಿವಿ ವಿಷಯ ನಿನಗೆ ಯಾರು ಹೇಳಿದ್ದು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. 'ಯಾರು ಹೇಳ್ಬೇಕು ಅಕ್ಕಾ? ಹೊಸಬರು ಟೀಮಿಗೆ ಬಂದ ದಿನ ಮೊದಲ ಪಾಠ ಅದೇ. ಕೇಳೋದಿದ್ರೆ ಎಡಗಡೆ ಹೋಗು, ಬಯ್ಯೋದಿದ್ರೆ ಬಲಗಡೆ ಹೋಗು. ಎಲ್ಲಾ ಟೀಮಲ್ಲೂ ಇದೇ.' ಕಾರ್ಯದರ್ಶಿಗೆ ಗೊತ್ತೇ ಎಂದೆ. 'ಅವರೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು' ಎಂದ. ನಿಮ್ಮ ಬಲಗಡೆಯ ಲೈನ್ಸ್‌ಮನ್ನು ಬಾವುಟ ಎತ್ತಿದರೆ ನಿಮ್ಮ ಕಣ್ಣಿಗೆ ಬೀಳುವವರೆಗೂ ಇಳಿಸುವುದಿಲ್ಲವಂತೆ, ಅದಕ್ಕೇ ಅವನ ಭುಜ ಯಾವಾಗಲೂ ನೋವು. ಪೆಟ್ಟು ಬಿದ್ದವನು ನಿಮ್ಮ ಬಲಕ್ಕೆ ಬಿದ್ದಿದ್ದರೆ ಎದುರು ಟೀಮಿನವನೇ ಓಡಿ ಬಂದು ನಿಮ್ಮ ಎಡಗಡೆ ಹೇಳುತ್ತಾನಂತೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ ಗುಟ್ಟನ್ನು ಮೈದಾನಕ್ಕೆ ಮೈದಾನವೇ ಕಾಪಾಡುತ್ತಿತ್ತು, ನಿಮಗೆ ಗೊತ್ತಾಗದ ಹಾಗೆ. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಮತ್ತೆ ಸಿಟ್ಟು ಬಂತು. 'ಅವರಿಗೆ ಹೇಳ್ಬೇಡಿ ಅಕ್ಕಾ, ಬೇಜಾರು ಮಾಡ್ಕೋತಾರೆ' ಎಂದು ತುತ್ತೂರಿ ನನ್ನಿಂದಲೇ ಆಣೆ ಕೇಳಿದ. ನೀವಿಬ್ಬರೂ ನನ್ನಿಂದ ಆಣೆ ಮಾಡಿಸಿಕೊಳ್ಳಲೆಂದೇ ಹುಟ್ಟಿದ್ದೀರಿ. ಅವನಿಗೆ ಆಣೆ ಕೊಡಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಬೇಜಾರು ಮಾಡಿಕೊಳ್ಳಬೇಡಿ. ಅವರು ನಿಮ್ಮನ್ನು ನೋಡಿ ನಗುತ್ತಿರಲಿಲ್ಲ. ನಕ್ಕಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತು, ನನ್ನ ಎರಡೂ ಕಿವಿ ನೆಟ್ಟಗಿವೆ. ನನ್ನ ಸಂಕಟವೇ ಬೇರೆ. ಇಲ್ಲಿಯ ಜನ ನಿಮ್ಮ ಎಡಗಡೆಗೆ ಸುತ್ತಿ ಬರುತ್ತಾರೆ, ಮಷೀನು ಸುತ್ತಿ ಬರುವುದಿಲ್ಲ. ಅದು ಬಲಗಿವಿಯಲ್ಲಿ ಕೂಗಿ, ಕೇಳಿಸಲಿಲ್ಲವೇ, ಆಯಿತು ಎದ್ದೇಳಿ ಅನ್ನುತ್ತದೆ. ಸಾಲದ್ದಕ್ಕೆ ಈಗ ಆ ಮೇಡಂಗೂ ಗೊತ್ತಾಯಿತು. ಅವರು ಅಲ್ಲಿಗೆ ಬಂದು ಹೇಳಿದರೆ ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ. ಸೀಟಿ ಇಲ್ಲದೆ ನೀವು ಭಾನುವಾರ ಏನು ಮಾಡುತ್ತೀರಿ ಎಂದು ಯೋಚಿಸಲೂ ನನಗೆ ಭಯ. ಮನೆಯೊಳಗೆ ನನಗೇ ಕಾರ್ಡು ತೋರಿಸುತ್ತ ಕೂರುತ್ತೀರಿ. ಇದನ್ನು ಅಂಚೆಗೆ ಹಾಕಿದರೆ ಗುರುವಾರದೊಳಗೆ ನಿಮ್ಮ ಕೈ ಸೇರುತ್ತದೋ, ಅದೂ ದೇವರಿಗೇ ಗೊತ್ತು.

ಮಗಳು ನಮಸ್ಕಾರ ಹೇಳಿದ್ದಾಳೆ, ನಿಯಮದ ಪುಸ್ತಕದ ಕೊನೆಯ ಪಾಠ ಇನ್ನೊಮ್ಮೆ ಓದಬೇಕಂತೆ. ತುತ್ತೂರಿಯೂ ಕೇಳಿದೆ ಎಂದು ಹೇಳಿ ಅಂದ. ಕಾರ್ಯದರ್ಶಿಯ ಸುದ್ದಿ ನನಗೆ ಬೇಡ. ಹೊತ್ತುಹೊತ್ತಿಗೆ ಉಣ್ಣಿ, ಹೊದೆದು ಮಲಗಿ, ಎಲ್ಲಾ ದೇವರೂ ನಿಮ್ಮ ಎಡಗಡೆಯೇ ನಿಲ್ಲಲಿ.

ಇಂತಿ ನಿಮ್ಮ ಬಲಗಡೆ ಕೂರುವವಳು

ಮರೆತ ಮಾತು: ರೀ, ಸಹಿ ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಆ ಮೇಡಂ ಮತ್ತೆ ಬಂದರು, ಬಸ್ಸಿಗೆ ಮುಂಚೆ ಒಂದು ಚಹಾ ಎಂದು. ನಾನು ಬಗ್ಗುವ ಮುಂಚೆಯೇ ಹಿಡಿದರು. 'ನೀವು ಅವರ ಮನೆಯವರಂತೆ?' ಎಂದರು. ನಾನು, ಅವರಿಗೆ ಕಿವಿ ಬಹಳ ಚುರುಕು ಮೇಡಂ, ಇರುವೆ ನಡೆದರೂ ಗೊತ್ತಾಗುತ್ತದೆ ಎಂದೆ. ಅವರು ನಗಲಿಲ್ಲ. ಕಿವಿಯ ತೂತಿಗೆ ಹಾಕದೆ, ಮೂಳೆಯ ಮೇಲೆ ಒತ್ತಿ ಕೂರುವ ಗುಂಡಿಯೂ ಇದೆಯಂತೆ. ಮಾತು ಮೂಳೆಯಿಂದ ಒಳಗೆ ಹೋಗುತ್ತದಂತೆ, ಒಳ್ಳೆಯ ಕಿವಿ ತೆರೆದೇ ಇರುತ್ತದಂತೆ. ನಿಮ್ಮಂಥವರಿಗೆ ಅದು ಆಗುತ್ತದೋ ಇಲ್ಲವೋ ಡಾಕ್ಟರು ನೋಡಬೇಕು, ಆದರೆ ಆದವರಿದ್ದಾರೆ ಎಂದರು. 'ಅವರಾಗೇ ಹೇಳಿದ್ರೆ ಅದು ಕೋರಿಕೆ. ಮಷೀನು ಹಿಡಿದ್ರೆ ಅದು ಮುಚ್ಚಿಟ್ಟಿದ್ದು. ನಾನು ಗುರುವಾರದವರೆಗೆ ಏನೂ ಕೇಳಿಲ್ಲ ಅಂದ್ಕೊಳ್ಳಿ' ಎಂದರು. ಆದ್ದರಿಂದ ತುಟಿ ನೋಡುವ ಆಟ ಬಿಟ್ಟು ನೀವೇ ಬಾಯಿಬಿಟ್ಟು ಹೇಳಿಬಿಡಿ. ಇಷ್ಟು ಮೈದಾನಗಳಿಗೆ ಗೊತ್ತಿರುವುದು ಇನ್ನೊಂದು ರೂಮಿಗೆ ಗೊತ್ತಾದರೆ ಏನು ಹೋಯಿತು?

ಈ ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಸ್ಸು ಹಾರನ್ನು ಹೊಡೆಯುತ್ತಿದೆ, ಗೋಂದು ಇನ್ನೂ ಒಣಗಿಲ್ಲ. ಕೊಡುವಾಗ ಎಡಗಡೆಯಿಂದ ಬನ್ನಿ ಎಂದು ಅವರಿಗೆ ಹೇಳಿದ್ದೇನೆ. ಒಂದೇ ಒಂದು ಅನುಮಾನ ಉಳಿದಿದೆ. ಆ ಗುಂಡಿ ಕೂರುವ ಮೂಳೆ ಕಿವಿಯ ಹಿಂದಿನದೋ ಮುಂದಿನದೋ, ಕೆಟಲು ಕೂಗುತ್ತಿತ್ತು, ನನಗೆ ಸರಿಯಾಗಿ ತಿಳಿಯಲಿಲ್ಲ. ಅವರು ಎದುರಿಗಿರುವಾಗಲೇ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳಿ. ಸುಮ್ಮನೆ ಹೂಂ ಅನ್ನಬೇಡಿ. ಕೇಳಿಸದಿದ್ದರೆ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎನ್ನಿ.